ಮಂಡಿ ಅಳತೆಯ ಗುಳಿ

ಎಡಗಾಲನ್ನು ಹೊಸ್ತಿಲ ಆಚೆ ಇಟ್ಟಾಗಿದೆ, ಭಾರವೆಲ್ಲ ಇನ್ನೂ ಬಲಗಾಲಿನ ಮೇಲೇ, ಬಾಗಿಲ ಚೌಕಟ್ಟು ಹಿಡಿದ ಕೈಯನ್ನು ಈಗ ಬಿಡಬೇಕು, ಬಿಟ್ಟರೆ ವಾಲುವುದನ್ನು ನೋಡುತ್ತಾರೆ, ಬಿಡದಿದ್ದರೆ ಹುಡುಗಿಗೆ ನಾಚಿಕೆ ಅಂದುಕೊಳ್ಳುತ್ತಾರೆ — ಅಂದುಕೊಳ್ಳಲಿ, ನಾಚಿಕೆಯಂತೆ ನಾಚಿಕೆ, ಹಲ್ಲು ಕಚ್ಚಿ ಹಿಡಿದದ್ದು ಇವರ ಕಣ್ಣಿಗೆ ನಗುವಿನ ಹಾಗೆ ಕಂಡರೆ ಕಾಣಲಿ. ಬಾರವಾ ಪ್ರತಿಭಾ, ಸಾವಕಾಶ ಬಾ, ಅನ್ನುತ್ತಿದ್ದಾಳೆ ದಾನವ್ವ, ಮುಂದೆ ಅತ್ತೆಯಾಗುವವಳು, ಹಾಲ್‌ನ ನಡುವೆ ಉಡಿ ತುಂಬುವ ತಟ್ಟೆ ಹಿಡಿದು ನಿಂತಿದ್ದಾಳೆ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಹಸಿರು ಕುಪ್ಪಸ, ಅವಳ ಕಾಲ ಬಳಿ ಮಣೆ. ಮಣೆ. ಅಂಗೈ ಅಗಲದಷ್ಟೂ ಎತ್ತರವಿಲ್ಲ ಅದು. ಸುತ್ತ ರಂಗೋಲಿ ಬಿಡಿಸಿದವಳು ಸ್ವಂತ ಅವ್ವ, ರತ್ನವ್ವ, ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು ಎಳೆ ಎಳೆಯುವಾಗ ಒಮ್ಮೆಯಾದರೂ ಅನ್ನಿಸಲಿಲ್ಲವೇ, ಇಷ್ಟು ಕೆಳಗೆ ಮಗಳು ಹೇಗೆ ಇಳಿದಾಳು? ಅನ್ನಿಸಿದೆ, ಅನ್ನಿಸಿದ್ದಕ್ಕೇ ಊರುಗೋಲನ್ನು ವಾಷಿಂಗ್ ಮಷೀನ್ ಹಿಂದೆ ಬಚ್ಚಿಟ್ಟು ಮೇಲೊಂದು ಒದ್ದೆ ಟವೆಲ್ ಹಾಕಿದ್ದಾಳೆ, ಮಂದಿ ಮುಂದ ಅದು ಬ್ಯಾಡವಾ, ಬೀಗರ ಬಳಗ ಕಲಬುರಗಿಯಿಂದ ಬಂದಾರ, ಯಶವಂತಪುರದಾಗ ರೈಲು ಇಳದು ಸೀದಾ ನಮ್ಮ ಮನಿಗೇ ಬಂದಾರ. ಕುರ್ಚಿ ಹಾಕಿ ಅಂತ ಪ್ರತಿಭಾ ನಿನ್ನೆಯೇ ಅಂದಿದ್ದಳು, ಡಾಕ್ಟರು ಹೇಳಿದ್ದು ನಿಮ್ಮೆಲ್ಲರ ಎದುರಿಗೇ ತಾನೆ, ಮೂರು ತಿಂಗಳು ನೆಲದ ಮೇಲೆ ಕೂರಬಾರದು, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು, ಕಾಲು ಒಳಕ್ಕೆ ತಿರುಗಬಾರದು, ಇನ್ನೂ ಎರಡೇ ಆಗಿದೆ. ಅದಕ್ಕೆ ಫೋನಿನಲ್ಲಿ ದಾನವ್ವ, ಅಯ್ಯ, ಕುರ್ಚಿ ಮ್ಯಾಲೆ ಕುಂತಾಕಿಗೆ ಉಡಿ ತುಂಬೋದು ನಾ ಎಲ್ಲೂ ಕಂಡಿಲ್ಲ ತಗೀರಿ, ಮದುವಿ ಹುಡುಗಿಗೆ ಮಣಿ ಮ್ಯಾಲೇ ಆಗಬೇಕು, ಎರಡೂ ಕಾಲು ಒಂದ್ ಕಡಿ ಮಡಚಿ ಚಂದಾಗಿ ಕುಂದ್ರಬೇಕು, ಕುರ್ಚಿ ಹಾಕಿದ್ರ ಮಂದಿ ಕೇಳಂಗಿಲ್ಲೇನು, ಏನಾಗ್ಯದ ಹುಡುಗಿಗಿ ಅಂತ?

ಏನಾಗಿದೆ. ಕೇಳಲಿ, ಕೇಳಬೇಕಾದ್ದೇ ಅದು. ಕಾರು ನಿಂತಿತು, ಅವಳು ನಿಲ್ಲಲಿಲ್ಲ, ಅಷ್ಟೇ ಆಗಿರುವುದು. ಯಲಹಂಕದ ಪಿಯು ಕಾಲೇಜಿನಲ್ಲಿ ಪ್ರತಿ ವರ್ಷ ಬೋರ್ಡಿನ ಮೇಲೆ ಅವಳೇ ಬರೆಯುತ್ತಾಳೆ, ಜಡತ್ವ, ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ, ಮಿಸ್ ಇದು ಎಕ್ಸಾಮ್‌ಗೆ ಬರುತ್ತಾ, ಬರುತ್ತೆ ಕಣೋ, ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಬರುತ್ತೆ, ಮಧ್ಯಾಹ್ನದ ಬಿಸಿಲಲ್ಲಿ, ಆರ್.ಟಿ. ನಗರದ ಅವರ ಮನೆಯಿಂದ ಯಲಹಂಕದ ಕಲ್ಯಾಣ ಮಂಟಪ ನೋಡಲು ಹೊರಟ ಕಾರಿನಲ್ಲಿ ಬರುತ್ತೆ. ಮದುವೆಯಾಗಲಿರುವ ಶಿವಪ್ರಕಾಶ ಓಡಿಸುತ್ತಿದ್ದಾನೆ, ಪಕ್ಕದಲ್ಲಿ ಅವಳು, ಹಿಂದಿನ ಸೀಟಿನಲ್ಲಿ ಅವನ ತಾಯಿ ದಾನವ್ವ, ಬೆಲ್ಟ್ ಹಾಕೋಬ್ಯಾಡವಾ, ರೇಷ್ಮಿ ಸೀರಿ, ನೆರಿಗಿ ಮುದುಡ್ತಾವ. ಮುದುಡಿದರೆ ಮಂಟಪದ ಮ್ಯಾನೇಜರ್ ಮದುವೆ ಬೇಡ ಅನ್ನುತ್ತಿದ್ದನೇನೋ! ಎಳೆದ ಬೆಲ್ಟನ್ನು ಬಿಟ್ಟಳು, ಭೌತಶಾಸ್ತ್ರದ ಲೆಕ್ಚರರ್, ಬಿಟ್ಟಳು, ಹೊಸ ಅತ್ತೆಯ ಎದುರು ಮೊದಲ ಸಲಕ್ಕೇ ಜಗಳ ಯಾಕೆ ಅಂತ. ಎಡಗಾಲನ್ನು ಬಲಗಾಲಿನ ಮೇಲೆ ಹಾಕಿಕೊಂಡು ಕೂತಿದ್ದಳು, ತೊಡೆಯ ಮೇಲೆ ಪೇಡೆಯ ಡಬ್ಬಿ. ಅವನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಲ್ಲಿ ಫೋನ್ ಚಾಚಿ, ನೋಡು ಇದು ಸ್ಟೇಜು, ಇದು ಊಟದ ಹಾಲ್, ಫುಲ್ ಎಸಿ, ಎಂದು ಫೋಟೊ ಸರಿಸುತ್ತಿದ್ದ, ಮುಂದೆ ನೋಡ್ಕೊಂಡು ಓಡಿಸಿ ಅಂದಳು, ಓಕೆ ಮಿಸ್, ಬೆಂಚ್ ಮೇಲೆ ನಿಲ್ಲಿಸ್ಬೇಡಿ ಮಿಸ್ ಎಂದು ಅವನು ನಕ್ಕ, ನಗು ಮುಗಿದಿರಲಿಲ್ಲ, ಎದುರಿಗೆ ತರಕಾರಿ ಟೆಂಪೋದ ಕೆಂಪು ಲೈಟು. ಮಂಡಿ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ತೊಡೆಯ ಮೂಳೆಯನ್ನು ಯಾರೋ ಗೂಟದ ಹಾಗೆ ಹಿಂದಕ್ಕೆ ಹೊಡೆದರು, ಅದರ ತಲೆಯ ಗುಂಡು ಸೊಂಟದ ಬಟ್ಟಲಿನಿಂದ ಎಗರಿ ಹಿಂಬದಿಗೆ ಹೋಗಿ ಕೂತಿತು — ಇದೆಲ್ಲ ಆಮೇಲೆ ತಿಳಿದದ್ದು, ಆಗ ನೋವು ಇನ್ನೂ ಬಂದಿರಲಿಲ್ಲ, ನೋವಿಗಿಂತ ಮೊದಲು ಅವಳು ಕಂಡದ್ದು ಗುಳಿ. ಡ್ಯಾಶ್‌ಬೋರ್ಡಿನ ಡಬ್ಬಿಯ ಕರಿ ಮುಚ್ಚಳದಲ್ಲಿ ಗುಂಡನೆಯ ಗುಳಿ, ಅವಳ ಮಂಡಿಯದೇ ಅಳತೆ, ಅಂಚಿನಲ್ಲಿ ಪ್ಲಾಸ್ಟಿಕ್ಕು ಬೆಳ್ಳಗೆ ಬಿರಿದಿತ್ತು. ಅಯ್ಯೋ ಬಂಪರ್ ಹೋಯ್ತು, ಅಂದ ಅವನು, ಇಳಿದು ಮೊದಲು ಹೋದದ್ದು ಕಾರಿನ ಮೂತಿಯ ಕಡೆಗೆ.

ಚೌಕಟ್ಟು ಬಿಟ್ಟಳು. ನಿಂತಳು. ವಾಲಲಿಲ್ಲ. ಎಷ್ಟ್ ಚಂದ ಕಾಣ್ತಾಳ ನೋಡ್ರೀ ಅಂತ ಕಲಬುರಗಿಯ ಹೆಂಗಸೊಬ್ಬಳು, ತುಸು ತೂಕ ಇಳದಾಳ, ಮದುವಿ ಚಿಂತಿ ಇರಬೇಕು, ಅಂತ ಇನ್ನೊಬ್ಬಳು, ಇಬ್ಬರೂ ನಗುತ್ತಾರೆ, ಪಾಪ ಅವರಿಗೇನು ಗೊತ್ತು, ಗೊತ್ತಿರುವವರು ಮಾತಾಡುವುದಿಲ್ಲ, ಗೊತ್ತಿರುವ ಅಪ್ಪ ಶಿವಶರಣಪ್ಪ ಕಿಟಕಿಯ ಹತ್ತಿರ ಕೂತು ತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಿದ್ದಾರೆ. ಆವತ್ತು ಸರ್ವಿಸ್ ರೋಡಿನಲ್ಲೇ ಆಸ್ಪತ್ರೆಯ ದೊಡ್ಡ ಬೋರ್ಡು ಕಂಡಿತ್ತು, ಅಗೋ ಅಲ್ಲಿ, ಅಲ್ಲಿ ನಿಲ್ಲಿಸಿ ಅಂತ ಅವಳು ಕಿರುಚಿದ್ದಳು, ಕಾರು ನಿಲ್ಲಲಿಲ್ಲ, ಆಗ ಮಾತ್ರ ನಿಲ್ಲಲಿಲ್ಲ ನೋಡಿ. ಆಸ್ಪತ್ರಿಗಿ ಹೋದ್ರ ಆಕ್ಸಿಡೆಂಟ್ ಅಂತ ಪೊಲೀಸರಿಗಿ ಹೇಳ್ತಾರ, ಬ್ಯಾಡಪಾ ಪ್ರಕಾಶಾ, ನಿನ್ನ ನೌಕರಿ ಕೈಗೆ ಬರೋ ಹೊತ್ತು, ವೆರಿಫಿಕೇಶನ್‌ಗೆ ಅವರು ಇನ್ನೂ ಮನಿಗಿ ಬರಬೇಕು, ಎಂದು ಹಿಂದಿನಿಂದ ದಾನವ್ವ, ಸರ್ಕಾರಿ ಇಂಜಿನಿಯರ್ ಆಗಲಿರುವ ಮಗನ ಭುಜ ಹಿಡಿದು, ಏನೂ ಆಗಿಲ್ಲ, ನರ ಹಿಡದಿರಬೇಕು, ಹೆಸರಘಟ್ಟದ ಕಡಿ ಒಬ್ಬ ಮೂಳಿ ಕಟ್ತಾನ, ನಮ್ಮ ಓಣಿಯೋರೆಲ್ಲ ಅಲ್ಲಿಗೇ ಹೋಗ್ತಾರ, ಎಡವಿ ಬಿದ್ದಾಳ ಅಂದ್ರಾತು. ಆಯ್ತಮ್ಮ ಅಂದ ಅವನು. ಆಯ್ತಮ್ಮ! ತಿರುಪುಳಿಯಂಥ ನೋವು ಸೊಂಟದೊಳಗೆ ತಿರುಗುತ್ತಿದೆ, ರೋಡ್ ಹಂಪುಗಳ ಮೇಲೆ ಕಾರು ಕುಣಿಯುತ್ತಿದೆ, ಆಯ್ತಮ್ಮ. ಆ ಶೆಡ್ಡಿನಲ್ಲಿ ಎಣ್ಣೆಯ ಕಮಟು, ಗೋಡೆಯ ಮೇಲೆ ವಾಸಿಯಾದವರ ಫೋಟೊಗಳು, ಬೆಂಚಿನ ಮೇಲೆ ಕಾಯುವ ಜನ, ಅವಳನ್ನೂ ಕಾಯಿಸಿದರು. ಕಟ್ಟುವವನು ಕಾಲು ಮುಟ್ಟಿ, ಏನಿಲ್ಲ ಕಣಮ್ಮ, ನರ ಇಂಗೆ ಎಳ್ಕೊಂಡೈತೆ, ಉಳುಕು, ಎದ್ರಬ್ಯಾಡ, ಅಂದ. ಎಳೆದ. ಅವಳಿಗೆ ಸೀಲಿಂಗ್ ಫ್ಯಾನು ನಿಂತುಹೋದ ಹಾಗೆ ಕಂಡಿತು, ಆಮೇಲೆ ಏನೂ ಕಾಣಲಿಲ್ಲ, ಎಚ್ಚರವಾದಾಗ ತೊಡೆಗೆ ಮೊಟ್ಟೆಯ ಬಿಳಿ ಬಳಿದು ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತಿದ್ದ, ಕಾಲು ಮಾತ್ರ ಬಂದ ಹಾಗೆಯೇ ಇತ್ತು, ಗಿಡ್ಡಗೆ, ಒಳಕ್ಕೆ ತಿರುಚಿಕೊಂಡು, ಎಡ ಮಂಡಿ ಬಲ ಮಂಡಿಯ ಮೇಲೆ ತಲೆಯಿಟ್ಟು ಮಲಗಿದ ಹಾಗೆ. ನಾಳಿದ್ದು ಬಾ, ಇನ್ನೊಂದು ಕಟ್ಟು ಹಾಕ್ತೀನಿ. ದಾನವ್ವ ಕೈ ಮುಗಿದಳು. ಅಂದು ಯಾಕೆ ಪ್ರತಿಭಾ ಫೋನ್ ಕಿತ್ತುಕೊಂಡು ಆಂಬ್ಯುಲೆನ್ಸ್ ಕರೆಯಲಿಲ್ಲ, ಯಾಕೆ ಬೆಂಚಿನ ಮೇಲಿದ್ದವರನ್ನು ಕೂಗಲಿಲ್ಲ — ಕೂಗಿದರೆ ಬಾಯಿಬಡುಕಿ ಅಂದಾರು ಅಂತ, ಥೂ, ಮೂಳೆ ಕಳಚಿದವಳಿಗೆ ಮರ್ಯಾದೆಯ ಚಿಂತೆ.

ಶೆಟ್ಟಿಹಳ್ಳಿಯ ಅವಳ ಮನೆಗೆ ತಂದು ಮಂಚದ ಮೇಲೆ ಇಳಿಸಿದಾಗ ಪೀಣ್ಯದ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ನಿಂತು, ಕಾಲು ಯಾಕ ಹಂಗದ, ಅಂದರು, ಮತ್ತೆ ಯಾರ ಮಾತನ್ನೂ ಕೇಳದೆ ಆಸ್ಪತ್ರೆಗೆ ಹೊತ್ತೇ ನಡೆದರು, ಆ ಹೊತ್ತಿಗೆ ಮಾತ್ರ ಅಪ್ಪ ಅಪ್ಪನ ಹಾಗೆ ಇದ್ದರು. ಎಮರ್ಜೆನ್ಸಿಯಲ್ಲಿ ಡಾಕ್ಟರ್ ರುಖ್ಸಾರ್, ಪ್ರತಿಭಾಳಿಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು, ಕಟ್ಟು ನೋಡಿದ್ದೇ ಮೂಗು ಹಿಡಿದುಕೊಂಡು, ಯಾರ್ರೀ ಇದಕ್ಕೆ ಆಮ್ಲೆಟ್ ಹಾಕಿದ್ದು, ಸಿಸ್ಟರ್ ಕತ್ತರಿ ಕೊಡಿ, ಬಿದ್ದು ಎಷ್ಟೊತ್ತಾಯ್ತು? ಈಗ ಆಗ್ಯದ ಡಾಕ್ಟರ್ರೀ, ಮೆಟ್ಟಿಲ ಮ್ಯಾಲಿಂದ ಜಾರ್ಯಾಳ, ದಾನವ್ವನದೇ ಉತ್ತರ, ಎಲ್ಲ ಉತ್ತರವೂ ದಾನವ್ವನದೇ. ನಿಮ್ಮನ್ನಲ್ಲಮ್ಮ ಕೇಳಿದ್ದು. ಮೆಟ್ಟಿಲಿಂದ ಜಾರಿದೋರಿಗೆ ಮಂಡಿ ಮುಂದೆ ಹೀಗೆ ಚರ್ಮ ಕಿತ್ತಿರಲ್ಲ, ಇದು ಡ್ಯಾಶ್‌ಬೋರ್ಡು. ಪ್ರತಿಭಾ, ನೋಡಿಲ್ಲಿ, ಪಾದ ಮೇಲಕ್ಕೆ ಎತ್ತಿ, ಹೆಬ್ಬೆರಳು ಆಡ್ಸಿ, ಹಾಂ ಆಡುತ್ತೆ, ನರ ಉಳ್ಕೊಂಡಿದೆ, ಈಗ ನಿಜ ಹೇಳಿ, ತೊಡೆ ಮೂಳೆಯ ಆ ಗುಂಡು ಭಾಗಕ್ಕೆ ರಕ್ತ ತಗೊಂಡು ಹೋಗೋ ನಾಳಗಳು ತುಂಬ ಸಣ್ಣವು, ಗುಂಡು ಆಚೆ ಇದ್ದಷ್ಟು ಹೊತ್ತು ತಿರುಚ್ಕೊಂಡೇ ಇರ್ತಾವೆ, ಆರು ಗಂಟೆ ಒಳಗೆ ಕೂರಿಸಿದ್ರೆ ಒಳ್ಳೇದು, ತಡ ಆದಷ್ಟೂ ಆ ಮೂಳೆ ಸಾಯೋ ಚಾನ್ಸ್ ಜಾಸ್ತಿ, ಎಷ್ಟೊತ್ತಾಯ್ತು? ಮಧ್ಯಾಹ್ನ ಊಟಕ್ಕೆ ಮುಂಚೆ, ಅಂದಳು ಪ್ರತಿಭಾ. ಹೊರಗೆ ಬೀದಿ ದೀಪ ಹತ್ತಿದ್ದವು. ಡಾಕ್ಟರು ಗೋಡೆಯ ಗಡಿಯಾರ ನೋಡಿದರು, ಆಮೇಲೆ ದಾನವ್ವನ ಮುಖ, ಆ ನೋಟ ಸಾಕಾಗಿತ್ತು, ಇನ್ನೊಬ್ಬರಾಗಿದ್ದರೆ ಭೂಮಿಗಿಳಿದು ಹೋಗಬೇಕಿತ್ತು, ದಾನವ್ವ ಸೆರಗು ಸರಿಮಾಡಿಕೊಂಡಳು. ನಿದ್ದೆಯ ಮದ್ದು ಕೊಟ್ಟ ಮೇಲೆ ಆದದ್ದನ್ನು ಮಾರನೆಯ ದಿನ ನರ್ಸ್ ಹೇಳಿದ್ದು, ನಮ್ ಮೇಡಂ ಐದಡಿನೂ ಇಲ್ಲ, ಚಪ್ಪಲಿ ಬಿಟ್ಟು ಮಂಚಾನೇ ಹತ್ತಿದ್ರು ಕಣ್ರೀ, ಇಬ್ರು ನಿಮ್ಮ ಸೊಂಟ ಒತ್ತಿ ಹಿಡ್ಕೊಂಡ್ರು, ಮೇಡಂ ಮಂಡಿ ಮಡಚಿಸಿ, ಬಾವಿಯಿಂದ ಕೊಡ ಎಳೀತಾರಲ್ಲ, ಹಂಗೆ ಸೀದಾ ಮೇಲಕ್ಕೆ ಎಳೆದ್ರು, ಟಕ್ ಅಂತು, ಇಡೀ ರೂಮಿಗೆ ಕೇಳಿಸ್ತು. ಟಕ್. ಅಷ್ಟು ಸಣ್ಣ ಸದ್ದಿಗೆ ಇಡೀ ಮಧ್ಯಾಹ್ನವೊಂದು ಕಾದಿತ್ತು. ಒಳಗೆ ಮೂಳೆ ಚೂರು ಉಳಿದಿದೆಯೋ ನೋಡಲು ಸಿಟಿ ಸ್ಕ್ಯಾನು, ಉಳಿದಿರಲಿಲ್ಲ, ಕಾಲಿಗೆ ತೂಕ ಕಟ್ಟಿ ನೇತುಹಾಕಿದರು, ಬೆಡ್ ಪ್ಯಾನು, ಆಮೇಲೆ ವಾಕರು, ಆಮೇಲೆ ಕೋಲು. ರಿಪೋರ್ಟಲ್ಲಿ ನಾನು ಕಾರು ಅಂತ್ಲೇ ಬರೀತೀನಿ ಅಂದಿದ್ದರು ರುಖ್ಸಾರ್, ಬರೆದರು, ಕಾನ್‌ಸ್ಟೇಬಲ್ ಬಂದ, ಆಗ ಮಾತ್ರ ಅಪ್ಪ, ಹೊತ್ತು ತಂದ ಅದೇ ಅಪ್ಪ, ಇಲ್ರೀ ಸಾಹೇಬ್ರ, ಮೆಟ್ಟಿಲು, ಅಂದರು, ಮದ್ದಿನ ಮಂಪರಿನಲ್ಲಿ ಅವಳೂ ತಲೆಯಾಡಿಸಿದಳು. ಕಾನ್‌ಸ್ಟೇಬಲ್ ಹೋದ ಮೇಲೆ ಅವ್ವ ಕಿವಿಯ ಹತ್ತಿರ ಬಾಗಿ, ಸೊಂಟ ಹೋದ ಹುಡುಗಿ ಅಂತ ಹೆಸರು ಬಿದ್ರ ಯಾರ್ ಬರ್ತಾರವಾ, ಅವರಾದ್ರ ಒಪ್ಪಿಕೊಂಡಾರ, ಅಂದಳು. ಒಪ್ಪಿಕೊಂಡಿದ್ದಾರಂತೆ. ಮುರಿದವರೇ ಒಪ್ಪಿಕೊಂಡಿದ್ದಾರೆ, ಎಂಥ ದೊಡ್ಡ ಮನಸ್ಸು!

ಬಾರವಾ, ಹೊತ್ತಾತು, ರಾಹುಕಾಲ ಬರ್ತದ. ಬರುತ್ತಿದ್ದಾಳೆ, ಎಡಗಾಲು, ಬಲಗಾಲು, ತಣ್ಣನೆಯ ಟೈಲ್ಸು, ಸೊಂಟದ ಆಳದಲ್ಲಿ ಒಂದು ಮಂಕು ನೋವು, ಅದು ಬರೀ ಸ್ನಾಯುವಿನ ನೋವೋ ಅಥವಾ ಇನ್ನೊಂದೋ, ನಿನ್ನೆಯ ಎಂಆರ್‌ಐ ಆದ ಮೇಲೆ ಪ್ರತಿ ನೋವನ್ನೂ ಅವಳು ಹೀಗೆ ನಿಲ್ಲಿಸಿ ಕೇಳುತ್ತಾಳೆ, ನೀನು ಯಾರು? ಪರದೆಯ ಮೇಲೆ ಬಿಳಿ ಚೆಂಡು, ಅದರ ನೆತ್ತಿಯಲ್ಲೊಂದು ಕಪ್ಪು ಮಚ್ಚೆ, ರುಖ್ಸಾರ್ ಪೆನ್ನಿನ ತುದಿಯಿಂದ ಅದನ್ನು ಮುಟ್ಟಿ, ಇಷ್ಟು ಜಾಗ ನನಗೆ ಇಷ್ಟ ಆಗ್ತಿಲ್ಲ ಪ್ರತಿಭಾ, ಚೇತರಿಸ್ಕೋಬಹುದು, ಸಾಯಲೂಬಹುದು, ಈಗ್ಲೇ ಹೇಳಕ್ಕಾಗಲ್ಲ, ಒಂದೆರಡು ವರ್ಷ ಕಣ್ಣಿಟ್ಟಿರ್ಬೇಕು, ಸತ್ತು ಚಪ್ಪಟೆ ಆದ್ರೆ ಕೀಲು ಬದಲಾಯಿಸ್ಬೇಕಾಗುತ್ತೆ, ನಿಮ್ಮ ವಯಸ್ಸಿಗೆ ನಾನದನ್ನ ಬಯಸಲ್ಲ, ಅಲ್ಲಿತನಕ ಬಗ್ಗಿ ಕೂರೋದು ಗೀರೋದು ಮಾಡಿ ಇನ್ನೊಂದ್ಸಲ ಕಳಚ್ಕೊಂಡು ಬಂದ್ರೋ, ನಾನೇ ನಿಮಗೆ ಹೊಡೀತೀನಿ. ಅವಳು ನಕ್ಕಳು, ನಗುವಾಗ ಕಣ್ಣಲ್ಲಿ ನೀರು ಬಂತು, ಡಾಕ್ಟರು ಟಿಶ್ಯೂ ಡಬ್ಬಿ ಮುಂದಕ್ಕೆ ತಳ್ಳಿದರು. ಮನೆಗೆ ಬಿಡಲು ಬಂದವನು ಶಿವಪ್ರಕಾಶ, ಅದೇ ಕಾರು. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆಲ್ಟ್ ಹಾಕಿಕೊಂಡು, ಕೂತ ತಕ್ಷಣ ಅವಳ ಕಣ್ಣು ಹೋದದ್ದು ಮುಚ್ಚಳಕ್ಕೆ. ನುಣ್ಣಗಿತ್ತು. ಕೈ ಚಾಚಿ ಸವರಿದಳು, ಇಲ್ಲಿ, ಇಲ್ಲೇ ಇತ್ತಲ್ಲ, ಬೆರಳಿಗೆ ಏನೂ ಸಿಗುತ್ತಿಲ್ಲ, ಹೊಸ ಪ್ಲಾಸ್ಟಿಕ್ಕಿನ ವಾಸನೆ. ಚೇಂಜ್ ಮಾಡಿಸ್ದೆ, ಅಂದ ಅವನು, ಹೆಮ್ಮೆಯಿಂದ ಅಂದ, ಆವತ್ತಿನ ವಾರದಲ್ಲೇ ಹಾಕ್ಕೊಟ್ರು, ನೋಡಿದ್ರೆ ಗೊತ್ತೇ ಆಗಲ್ಲ ಅಲ್ವಾ? ಅವಳು ಕಾಲಿಗೆ ತೂಕ ಕಟ್ಟಿಸಿಕೊಂಡು ಸೂರು ನೋಡುತ್ತ ಬಿದ್ದಿದ್ದ ವಾರ. ವಿದ್ಯಾರಣ್ಯಪುರದ ಹತ್ತಿರ ಬಸ್ಸಿನ ಹಿಂದೆ ನಿಂತಾಗ ಮತ್ತೆ ಬಾಯಿ ಬಿಟ್ಟ, ನೀನು ಸುಮ್ನೆ ಟೆನ್ಷನ್ ಮಾಡ್ಕೋತೀಯ ಕಣೇ, ಡಾಕ್ಟರೇ ಹೇಳಿದ್ರಲ್ಲ, ಹೋದ್ರೆ ಬದಲಾಯಿಸ್ಬಹುದು ಅಂತ, ಈಗೆಲ್ಲ ಪಾರ್ಟ್ಸ್ ಸಿಗುತ್ತೆ. ಪಾರ್ಟ್ಸ್. ಅವಳು ಕಿಟಕಿಯ ಆಚೆ ನೋಡಿದಳು, ಬಾಯಲ್ಲಿ ಬಂದದ್ದನ್ನು ನುಂಗಿದಳು, ಇಷ್ಟು ದಿನ ನುಂಗಿದ ಜಾಗದಲ್ಲೇ ಅದೂ ಹೋಗಿ ಕೂತಿತು, ಕೂರಲಿಲ್ಲ, ಎಗರಿ ಇನ್ನೆಲ್ಲೋ ಹೋಗಿ ಚುಚ್ಚಿಕೊಂಡಿದೆ, ರಾತ್ರಿಯಿಂದ ಚುಚ್ಚುತ್ತಲೇ ಇದೆ. ಆ ಗುಳಿ ಒಂದೇ ನಿಜ ಹೇಳುತ್ತಿತ್ತು, ಮೆಟ್ಟಿಲು ಅಂತ ಯಾರು ಯಾರಿಗೆ ಹೇಳಿದರೂ ಅದು ಅಲ್ಲಿ ಬಾಯಿ ತೆರೆದುಕೊಂಡು ಇಲ್ಲ ಅನ್ನುತ್ತಿತ್ತು, ಅದನ್ನೂ ಬಿಚ್ಚಿ ಎಸೆದ, ಯಾವ ಗುಜರಿಯಲ್ಲಿ ಬಿದ್ದಿದೆಯೋ, ಒಳಗೆ ಮಳೆನೀರು ನಿಂತಿದೆಯೋ.

ಮಣೆಯ ಹತ್ತಿರ ಬಂದಳು. ಮೇಲಿನಿಂದ ನೋಡಿದರೆ ಇನ್ನೂ ಕೆಳಗಿದೆ, ಕುಂಕುಮದ ಬೊಟ್ಟು, ಅಕ್ಕಿಕಾಳು, ಇದರ ಮೇಲೆ ಇಳಿದು ಎರಡೂ ಕಾಲನ್ನು ಒಂದು ಕಡೆ ಮಡಚಿದರೆ ಒಂದು ಕಾಲು ಒಳಕ್ಕೆ ತಿರುಗಲೇಬೇಕು, ಮಂಡಿ ಇನ್ನೊಂದು ಮಂಡಿಯ ಮೇಲೆ ತಲೆಯಿಡಲೇಬೇಕು, ಅದೇ ಭಂಗಿ, ಶೆಡ್ಡಿನ ಬೆಂಚಿನ ಮೇಲೆ ಮಲಗಿದ್ದ ಭಂಗಿ, ಅದನ್ನೇ ಈಗ ಚಂದಾಗಿ ಎಂದು ಕೇಳುತ್ತಿದ್ದಾರೆ, ಫೋಟೊ ತೆಗೆಯಲು ಯಾರೋ ಆಗಲೇ ಮೊಬೈಲ್ ಎತ್ತಿ ಹಿಡಿದಿದ್ದಾರೆ. ಕುಂದ್ರವಾ. ದಿಂಬು ಹಾಕ್ಲೇನು ಬೇಕಾದ್ರ, ದಾನವ್ವ ದನಿ ತಗ್ಗಿಸಿ, ಸಣ್ಣದು, ಸೀರಿ ಕೆಳಗ ಕಾಣಂಗಿಲ್ಲ. ಶಿವಪ್ರಕಾಶ ಎದ್ದು ಬಂದು ಕೈ ಚಾಚಿದ, ಎಲ್ಲರ ಎದುರು ಕೈ ಚಾಚಿದ್ದಕ್ಕೆ ಹೆಂಗಸರು ಓಹೋ ಎಂದರು, ಅವನು ನಗುತ್ತಲೇ ಹಲ್ಲಿನ ಸಂದಿಯಿಂದ, ನಾನ್ ಹಿಡ್ಕೋತೀನಿ, ಎರಡೇ ನಿಮಿಷ, ಪ್ಲೀಸ್, ಸೀನ್ ಮಾಡ್ಬೇಡ. ಆ ಕೈ. ಫೋಟೊ ಸರಿಸಿದ ಕೈ, ಅದರ ಬೆರಳಿನಲ್ಲಿ ಅಪ್ಪ ಹಾಕಿದ ಉಂಗುರ. ಕುಂದ್ರಂಗಿಲ್ಲ, ಅಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಸಣ್ಣಗಿತ್ತು, ಆದರೂ ಹಾಲ್ ಪೂರ್ತಿ ಕೇಳಿಸಿತು, ಯಾಕಂದರೆ ನಗು ನಿಂತಿತು. ಹಂಗಂದ್ರ ಹ್ಯಾಂಗವಾ, ಕಲಬುರಗಿಯ ಹಿರಿಯ ಹೆಂಗಸು ಮುಂದಕ್ಕೆ ಬಾಗಿ, ಏನಾಗ್ಯದ ನಿನಗ? ಸೊಂಟದ ಕೀಲು ಕಳಚಿತ್ತು ಅಜ್ಜಿ, ಇವರು ಕಾರು ಗುದ್ದಿದಾಗ, ಅಂದಳು ಪ್ರತಿಭಾ, ಮನೆಯಲ್ಲಿ ಉಪ್ಪಿಲ್ಲ ಎನ್ನುವ ಹಾಗೆ ಅಂದಳು, ಆಸ್ಪತ್ರಿಗಿ ಒಯ್ಯಲಿಲ್ಲ. ಅಪ್ಪ ತಲೆ ಎತ್ತಿದರು. ದಾನವ್ವನ ಕೈಯ ತಟ್ಟೆಯಲ್ಲಿ ಉತ್ತತ್ತಿಗಳು ಸದ್ದು ಮಾಡಿದವು. ಆಗ ಅವ್ವ, ಪಾಪ ಅವ್ವ, ಎಲ್ಲಿಂದಲೋ ಓಡಿ ಬಂದಳು, ಊಟದ ಮೇಜಿನ ಕುರ್ಚಿಯನ್ನು ಎಳೆದುಕೊಂಡು, ಅದರ ಕಾಲುಗಳು ಟೈಲ್ಸಿನ ಮೇಲೆ ಕಿರ್ರೆಂದು ಕೆರೆದುಕೊಂಡು ರಂಗೋಲಿಯನ್ನು ಅಳಿಸುತ್ತ ಬಂದವು, ಆತು ತಗೋ, ಕುರ್ಚಿ ಮ್ಯಾಲೇ ಕುಂದ್ರು, ಕುರ್ಚಿ ಮ್ಯಾಲೇ ತುಂಬ್ತಾರ, ಹೌದಲ್ರೀ ಬೀಗತೇರ, ಹೌದು ಹೌದು, ಕುರ್ಚಿಯಾದ್ರೇನು, ದಾನವ್ವನೂ, ಈಗ ಎಲ್ಲವೂ ಆಗುತ್ತದೆ, ನಿನ್ನೆ ಆಗದ್ದು ಈಗ ಆಗುತ್ತದೆ, ಕುಂದ್ರವಾ ನಮ್ಮವ್ವ. ಹಸಿರು ಕುಪ್ಪಸದ ತಟ್ಟೆ ಅವಳ ಸೆರಗಿನ ಹತ್ತಿರಕ್ಕೇ ಬಂದಿದೆ, ಸೆರಗು ಒಡ್ಡಿದರೆ ಮುಗಿಯಿತು, ಈ ಮದುವೆಗೆ ಒಪ್ಪಿದ ಹಾಗೆಯೇ, ಎಲ್ಲರೂ ನೋಡುತ್ತಿದ್ದಾರೆ, ಕುರ್ಚಿ ನೋಡುತ್ತಿದೆ, ಅವಳ ಎರಡೂ ಕಾಲು ನೆಲದ ಮೇಲಿವೆ, ಭಾರ ಈಗ ಎರಡರ ಮೇಲೂ. ಕುರ್ಚಿ ಮ್ಯಾಲೂ ಕುಂದ್ರಂಗಿಲ್ಲ, ಅಂದಳು. ಈ ಉಡಿ ನನಗ ಬ್ಯಾಡ. ಯಾರೋ ಏನೋ ಅನ್ನುತ್ತಿದ್ದಾರೆ, ಶಿವಪ್ರಕಾಶನ ಬಾಯಿ ಆಡುತ್ತಿದೆ, ಅವಳಿಗೆ ಅದು ಯಾವುದೂ ಕೇಳಿಸುತ್ತಿಲ್ಲ, ಕಾಣುತ್ತಿರುವುದೂ ಒಂದೇ, ಕರಿ ಪ್ಲಾಸ್ಟಿಕ್ಕಿನ ನಡುವೆ, ಗುಂಡಗೆ, ಅಂಚು ಬೆಳ್ಳಗೆ ಬಿರಿದು, ಅವಳ ಮಂಡಿಯದೇ ಅಳತೆಯ ಆ ಗುಳಿ, ಆ ಗುಳಿ —